ಮೈಗೊಂದು, ಮನಸ್ಸಿಗೊಂದು: ಮಲೆನಾಡಿನ ಋತುಮಾನಕ್ಕೆ ಒಗ್ಗುವ ಅಭ್ಯಾಸ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ವ್ಯಾಯಾಮದ ಮಾತೆತ್ತಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ತೋಟದ ಕೆಲ್ಸವೇ ಸಾಕಾಗಿದೆ ಮಾರಾಯ್ರೆ, ಇನ್ನೆಂಥ ವ್ಯಾಯಾಮ?’ ಹಾಡು, ಚಿತ್ರ, ನಾಟಕ ಕಲಿಯುವ ಮಾತಾದರೆ ‘ಪುರುಸೊತ್ತು ಎಲ್ಲಿ?’ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೂ ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವು ನಮ್ಮ ಮನೆಗಳನ್ನೇನೂ ಬಿಟ್ಟಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಸಂಜೆಯ ಹೊತ್ತು ಟಿ.ವಿ., ಮೊಬೈಲಿನ ಮುಂದೆ ಕಳೆದುಹೋಗುತ್ತಿದೆ.

ಪಟ್ಟಣದವರ ಜಿಮ್ ವೇಳಾಪಟ್ಟಿಯನ್ನು ಇಲ್ಲಿಗೆ ತಂದರೆ ಅದು ಮೊದಲ ಮಳೆಗೇ ಕೈಬಿಡುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿವೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ನಾಲ್ಕು ತಿಂಗಳು ಉಸಿರಾಡಲು ಬಿಡುವಿರುವುದಿಲ್ಲ. ಹಾಗಾಗಿ ಇಲ್ಲಿ ಅಭ್ಯಾಸವನ್ನು ಗಡಿಯಾರಕ್ಕಿಂತ ಋತುವಿಗೆ ಹೊಂದಿಸಬೇಕು. ದೇಹಕ್ಕೆ ಒಂದು, ಮನಸ್ಸಿಗೆ ಒಂದು ಎಂದು ಎರಡೇ ಸಂಗತಿ ಆರಿಸಿಕೊಂಡು ವರ್ಷವಿಡೀ ಅವುಗಳ ಜೊತೆಗಿದ್ದರೆ ಸಾಕು.

ಮೊದಲು ನಿಮ್ಮ ದಿನವನ್ನು ನೋಡಿ

ಒಂದು ವಾರ ಏನನ್ನೂ ಬದಲಿಸಬೇಡಿ. ಎಷ್ಟು ಹೊತ್ತು ಕೂತಿರಿ, ಎಷ್ಟು ಹೊತ್ತು ಎದೆಬಡಿತ ಏರುವಷ್ಟು ಬಿರುಸಾಗಿ ನಡೆದಿರಿ, ದೇಹದ ಯಾವ ಭಾಗಕ್ಕೆ ಕೆಲಸ ಬಿತ್ತು ಎಂದು ರಾತ್ರಿ ಎರಡು ಸಾಲು ಬರೆದಿಡಿ. ತೋಟದ ಕೆಲಸ ಮೈಯನ್ನು ದಣಿಸುತ್ತದೆ, ಆದರೆ ಎಲ್ಲ ಕಡೆ ಸಮನಾಗಿ ದುಡಿಸುವುದಿಲ್ಲ. ದೋಟಿ ಹಿಡಿದು ಕೊನೆ ತೆಗೆಯುವವರು ದಿನವಿಡೀ ಕತ್ತು ಮೇಲೆತ್ತಿಯೇ ಇರುತ್ತಾರೆ. ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವ ಹೆಂಗಸರು ಗಂಟೆಗಟ್ಟಲೆ ಬೆನ್ನು ಬಗ್ಗಿಸಿ ಕೂರುತ್ತಾರೆ. ಕಳೆ ಕೊಚ್ಚುವ ಯಂತ್ರ ಹೊತ್ತವರಿಗೆ ಭುಜ, ಸೊಂಟ ಹಿಡಿದುಕೊಳ್ಳುತ್ತದೆ. ಮೊದಲು ನಡೆದು ಹೋಗುತ್ತಿದ್ದ ತೋಟದ ದಾರಿಗೆ ಈಗ ಬೈಕ್ ಬಂದಿದೆ. ಬಿರುಸಿನ ನಡಿಗೆ, ಬಿಗಿದ ಸ್ನಾಯುಗಳನ್ನು ಸಡಿಲಿಸುವ ಚಲನೆ, ಸಮತೋಲದ ಅಭ್ಯಾಸ ಈ ಮೂರೂ ನಮ್ಮ ದಿನಚರಿಯಲ್ಲಿ ಕಡಿಮೆ. ನಿಮ್ಮ ಕೊರತೆ ಇವುಗಳಲ್ಲಿ ಯಾವುದು ಎಂಬುದು ಆ ಒಂದು ವಾರದ ಬರಹದಲ್ಲಿ ಗೊತ್ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳ: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ವಾರದಲ್ಲಿ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 65 ದಾಟಿದವರು ವಾರಕ್ಕೆ 3 ದಿನ ಸಮತೋಲದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಮಧ್ಯಮ ಬಿರುಸು ಎಂದರೆ ಎಷ್ಟು? ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕೆ ಕೈಗೆ ಕಟ್ಟುವ ಯಂತ್ರವೇನೂ ಬೇಡ.

ಜಗಲಿಯೇ ವ್ಯಾಯಾಮಶಾಲೆ

ಶುರು ಮಾಡಲು ಮಳೆಗಾಲವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹೊರಗಿನ ಕೆಲಸಕ್ಕೆ ಮಳೆಯೇ ಬಿಡುವು ಕೊಡುತ್ತದೆ, ಮನೆಯಲ್ಲಿ ಎಲ್ಲರೂ ಇರುತ್ತಾರೆ. ಅಂಗಳದಲ್ಲಿ ಹಾವಸೆ ಕಟ್ಟಿರುತ್ತದೆ. ದಬ್ಬೆ ಹಾಸಿದ್ದರೂ ಅಲ್ಲಿ ಬಿರುಸಿನ ನಡಿಗೆ ಬೇಡ. ಜಗಲಿಯಲ್ಲೇ ಹೀಗೆ ಮಾಡಿ:

ಐದು ನಿಮಿಷ ನಿಂತಲ್ಲೇ ನಡಿಗೆ. ಆಮೇಲೆ ಜಗಲಿಕಟ್ಟೆಯ ಮೇಲೆ ಕೂತು, ಕೈ ಊರದೆ ನಿಧಾನ ಎದ್ದು ನಿಧಾನ ಕೂರುವುದು, ಹತ್ತು ಸಲ. ಗೋಡೆಗೆ ಎರಡೂ ಅಂಗೈ ಒತ್ತಿ, ಮೊಣಕೈ ಮಡಿಸುತ್ತ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ಹೋಗುವುದು, ಹತ್ತು ಸಲ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯುವುದು, ಹತ್ತು ಸಲ. ಕೊನೆಗೆ ಕತ್ತು, ಭುಜ, ಸೊಂಟವನ್ನು ನಿಧಾನವಾಗಿ ಸಡಿಲಿಸುವುದು. ಒಂದು ಸುತ್ತು ಸುಲಭವೆನಿಸಿದ ಮೇಲೆ ಎರಡು ಸುತ್ತು ಮಾಡಿ. ಸೂರ್ಯನಮಸ್ಕಾರ ಗೊತ್ತಿದ್ದವರು ಅದನ್ನೇ ಮಾಡಬಹುದು, ಗೊತ್ತಿಲ್ಲದವರು ವಿಡಿಯೊ ನೋಡಿ ಸೊಂಟ ಬಗ್ಗಿಸುವ ಬದಲು ಬಲ್ಲವರಿಂದ ಕಲಿಯಲಿ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ. ಬಿಪಿ, ಹೃದಯದ ಔಷಧಿ ತೆಗೆದುಕೊಳ್ಳುವವರು ಶುರು ಮಾಡುವ ಮೊದಲೇ ಅವರನ್ನು ಕೇಳುವುದು ಕ್ಷೇಮ.

ಕಲೆಯನ್ನು ದೂರ ಹುಡುಕಬೇಡಿ

ಈ ಮೂರು ತಾಲ್ಲೂಕಿನವರ ಭಾಗ್ಯ ದೊಡ್ಡದು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಘ ನೀನಾಸಮ್ ಅನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರು. ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ ‘ತಿರುಗಾಟ’ ಹೊರಟಿತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹತ್ತಿರದ ಭೀಮನಕೋಣೆಯಲ್ಲಿ ‘ಚರಕ’ ಸಂಸ್ಥೆಯ ಹೆಂಗಸರು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಕೊಡುತ್ತಾರೆ. ಸಾಗರದಲ್ಲಿದ್ದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಕಾದಂಬರಿ ಬರೆದರು. ಶರಾವತಿ ಅಣೆಕಟ್ಟಿನಿಂದ ಮುಳುಗಿದ ಊರುಗಳ ಸಂಕಟ ಅವರ ಬರಹಕ್ಕೆ ವಸ್ತುವಾಯಿತು. ಅವರ ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಬರೆದರು, ಹಕ್ಕಿಗಳ ಫೋಟೊ ತೆಗೆದರು, ಮೀನು ಹಿಡಿದರು. ಇವರು ಯಾರೂ ದುಡಿಮೆ ಮುಗಿದ ಮೇಲೆ ನೋಡೋಣ ಎಂದು ಕಾಯಲಿಲ್ಲ.

ಮನೆಯಲ್ಲೇ ಶುರು ಮಾಡಬಹುದಾದ ಎರಡು ಕಲೆಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು, ಹಸೆ ಚಿತ್ತಾರ. ದೀವರ ಸಮುದಾಯದ ಹೆಂಗಸರು ಮದುವೆಯ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಬರೆಯುತ್ತ ಬಂದ ಕಲೆ ಇದು. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ದಪ್ಪ ಕಾಗದ ಅಥವಾ ಹಲಗೆಯ ಮೇಲೆ ಸಾರಿ ಒಣಗಲು ಬಿಡಿ. ಅಕ್ಕಿಯನ್ನು ನೆನೆಸಿ ತೀರ ನುಣ್ಣಗೆ ಅರೆಯಿರಿ; ತರಿ ಉಳಿದರೆ ಗೆರೆ ಹರಿಯುವುದಿಲ್ಲ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು ಬಣ್ಣ ಸಿಗುತ್ತದೆ. ಪುಂಡಿ ನಾರನ್ನು ಕಟ್ಟಿ ಮಾಡಿದ ಕುಂಚ ಇದಕ್ಕೆ ಬೇಕು. ಮೊದಲ ಹದಿನೈದು ದಿನ ಹೂವು, ತೇರು ಏನನ್ನೂ ಬರೆಯಹೋಗಬೇಡಿ. ಒಂದರ ಪಕ್ಕ ಒಂದು ನೇರ ಗೆರೆ ಎಳೆಯಿರಿ. ಕೈ ಮಣಿಕಟ್ಟಿನಿಂದ ಆಡದೆ ಭುಜದಿಂದ ಆಡಬೇಕು, ಉಸಿರು ಸಮವಾಗಿರಬೇಕು. ಗೆರೆ ನಡುಗದೆ ಬಂತು ಎಂದ ಮೇಲೆ ಚೌಕ, ಆಮೇಲೆ ಓರೆಗೆರೆ. ಬಲ್ಲ ಅಜ್ಜಿಯರ ಪಕ್ಕ ಕೂತು ಒಂದು ಮಧ್ಯಾಹ್ನ ನೋಡಿದರೆ ಹತ್ತು ವಿಡಿಯೊಗಿಂತ ಹೆಚ್ಚು ತಿಳಿಯುತ್ತದೆ. ಯಾರಿಂದ ಕಲಿತಿರೋ ಅವರ ಹೆಸರನ್ನು ಎಲ್ಲ ಕಡೆ ಹೇಳಿ. ಮಾರಾಟಕ್ಕೆ ಇಳಿಯುವ ಆಲೋಚನೆ ಇದ್ದರೆ ಅವರಿಗೆ ಪಾಲು ಕೊಡುವುದು ಧರ್ಮ.

ಎರಡನೆಯದು ತಾಳಮದ್ದಳೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲೇ ಇದಕ್ಕೆ ಹೆಚ್ಚು ಕಳೆ. ವೇಷ, ಕಿರೀಟ, ರಂಗಸ್ಥಳ ಯಾವುದೂ ಬೇಡ. ಭಾಗವತರು, ಮದ್ದಳೆ, ಚಂಡೆ, ಪದ್ಯದ ಅರ್ಥವನ್ನು ಪಾತ್ರವಾಗಿ ಮಾತಾಡುವ ನಾಲ್ಕೈದು ಅರ್ಥಧಾರಿಗಳು ಇದ್ದರೆ ಆಯಿತು. ಹೊಸಬರು ದೊಡ್ಡ ಪಾತ್ರಕ್ಕೆ ಕೈ ಹಾಕಬಾರದು. ದೂತನದೋ ಸಾರಥಿಯದೋ ಸಣ್ಣ ಪಾತ್ರ ಕೇಳಿ ತೆಗೆದುಕೊಳ್ಳಿ. ಪ್ರಸಂಗದ ಪುಸ್ತಕದಲ್ಲಿ ನಿಮ್ಮ ಪಾತ್ರದ ಒಂದೇ ಪದ್ಯವನ್ನು ತೆರೆದು, ಅದರ ಅರ್ಥವನ್ನು ಹತ್ತು ವಾಕ್ಯಗಳಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಗಟ್ಟಿಯಾಗಿ ಓದಿ. ನಂತರ ಹಾಳೆ ಮಡಚಿಟ್ಟು ಮಾತಾಡಿ. ಎದುರು ಪಾತ್ರ ಏನು ಕೇಳಬಹುದು ಎಂದು ಮೂರು ಪ್ರಶ್ನೆ ಊಹಿಸಿ, ಉತ್ತರ ಸಿದ್ಧ ಮಾಡಿಕೊಳ್ಳಿ. ಸಭೆಯ ಮುಂದೆ ನಾಲ್ಕು ಮಾತಾಡಲು ಹೆದರುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ತರಬೇತಿಯನ್ನು ನಾನು ಕಂಡಿಲ್ಲ. ಪುರಾಣದ ಓದು, ನೆನಪು, ತರ್ಕ, ದನಿ ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ.

ಮೈಗೂ ಕಲೆಗೂ ಬೇರೆ ಬೇರೆ ಹೊತ್ತು ಕೊಡಲಾಗದವರು ಯಕ್ಷಗಾನದ ಹೆಜ್ಜೆ ಕಲಿಯಬಹುದು. ಮೊದಲು ಕೈಯಲ್ಲಿ ತಾಳ ಹಾಕುವುದು ಬರಲಿ, ಆಮೇಲೆ ಹೆಜ್ಜೆ. ಅರ್ಧ ಗಂಟೆ ಕುಣಿದರೆ ಬಿರುಸಿನ ನಡಿಗೆಯ ಲೆಕ್ಕ ಅಲ್ಲೇ ತುಂಬುತ್ತದೆ. ನಲವತ್ತು ದಾಟಿದವರು, ಮಂಡಿನೋವಿರುವವರು ಮಂಡಿ ಹಾಕುವುದನ್ನು ಬಿಟ್ಟುಬಿಡಿ. ಗುರುಗಳಿಗೆ ಮೊದಲ ದಿನವೇ ನೋವಿನ ವಿಚಾರ ಹೇಳಿಬಿಡಿ.

ಮಳೆ ಬಿಟ್ಟ ಮೇಲೆ

ಅಕ್ಟೋಬರ್ ಹೊತ್ತಿಗೆ ನಡಿಗೆ ಹೊರಗೆ ಬರಲಿ. ಸಾಗರದವರಿಗೆ ಗಣಪತಿ ಕೆರೆಯ ಬದಿ, ತೀರ್ಥಹಳ್ಳಿಯವರಿಗೆ ತುಂಗೆಯ ದಡ, ಹಳ್ಳಿಯವರಿಗೆ ತಮ್ಮೂರಿನ ಗದ್ದೆದಾರಿ ಇದೆ. ತಿಂಗಳಿಗೊಮ್ಮೆ ರಜಾದಿನ ಸ್ವಲ್ಪ ದೂರ ಹೋಗಿ: ಇಕ್ಕೇರಿ, ಕೆಳದಿಯ ದೇವಸ್ಥಾನಗಳು, ನಗರದ ಕೋಟೆ, ಕವಲೇದುರ್ಗ, ಕುಂದಾದ್ರಿ, ಕುಪ್ಪಳಿಯ ಕವಿಶೈಲ. ಕವಲೇದುರ್ಗದ ಕಲ್ಲುಹಾಸಿನ ಏರು ಕಾಲಿಗೆ ಒಳ್ಳೆಯ ಪರೀಕ್ಷೆ. 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಎರಡು ಮೂರು ತಿಂಗಳ ಅಭ್ಯಾಸದ ನಂತರಕ್ಕೆ ಇಟ್ಟುಕೊಳ್ಳಿ. ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿ. ಜೊತೆಗೊಂದು ಸಣ್ಣ ಪುಸ್ತಕ ಒಯ್ದು, ಕಂಡ ಒಂದು ಮರ, ಒಂದು ಹಕ್ಕಿ, ಒಂದು ಕೆತ್ತನೆಯ ಬಗ್ಗೆ ಐದು ಸಾಲು ಬರೆಯಿರಿ ಅಥವಾ ಗೆರೆಯಲ್ಲಿ ಹಿಡಿಯಿರಿ. ಬರವಣಿಗೆಯ ಅಭ್ಯಾಸಕ್ಕೆ ಇಷ್ಟು ಸಾಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗ ಅದರಿಂದ ತತ್ತರಿಸಿತು. ಅದನ್ನು ಹರಡುವ ಉಣುಗು ಹೆಚ್ಚುವ ಡಿಸೆಂಬರ್‌ನಿಂದ ಮೇ ತನಕ ಕಾಡಿನೊಳಗೆ ಸುಮ್ಮನೆ ತಿರುಗುವುದು ಬೇಡ. ಹೋಗಲೇಬೇಕಾದರೆ ಉದ್ದ ತೋಳಿನ ಅಂಗಿ, ಪ್ಯಾಂಟ್ ಹಾಕಿ, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಪಂಚಾಯಿತಿಗೋ ತಿಳಿಸಿ. ಕಾಡಿಗೆ ಹೋಗಿಬಂದ ಕೆಲ ದಿನಗಳಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಪರೀಕ್ಷೆ ಮಾಡಿಸಿ.

ಕೊಯ್ಲಿನ ತಿಂಗಳುಗಳಲ್ಲಿ ಹೊಸದೇನನ್ನೂ ಶುರು ಮಾಡಬೇಡಿ. ರಾತ್ರಿ ಹತ್ತು ನಿಮಿಷ ಕತ್ತು, ಸೊಂಟ ಸಡಿಲಿಸುವುದಷ್ಟೇ ಸಾಕು. ಕಲೆಯ ಮಟ್ಟಿಗೆ ಅದು ನೋಡುವ ಕಾಲ: ಊರಿನಲ್ಲಿ ಆಟ, ನಾಟಕ ಇದ್ದರೆ ತಪ್ಪಿಸಬೇಡಿ. ಅಭ್ಯಾಸ ತಪ್ಪಿತು ಎಂದು ಕೊರಗುವವರು ಬೇಗ ಬಿಟ್ಟುಬಿಡುತ್ತಾರೆ, ಕಡಿಮೆ ಮಾಡಿಕೊಂಡವರು ಉಳಿಯುತ್ತಾರೆ.

ಜೊತೆ ಮತ್ತು ದಿನಾಂಕ

ಒಬ್ಬರೇ ಮಾಡುವ ಅಭ್ಯಾಸ ಬಹಳ ದಿನ ಬಾಳುವುದಿಲ್ಲ. ಅಕ್ಕಪಕ್ಕದ ಮೂವರನ್ನು ಸೇರಿಸಿಕೊಂಡು ವಾರಕ್ಕೊಂದು ಸಂಜೆ ಒಂದು ಮನೆಯಲ್ಲಿ ಕೂಡಿ. ಚಹಾಕ್ಕಿಂತ ಹೆಚ್ಚಿನ ಉಪಚಾರ ಬೇಡ ಎಂದು ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅದು ಮನೆಯ ಹೆಂಗಸರಿಗೆ ಇನ್ನೊಂದು ಕೆಲಸವಾಗುತ್ತದೆ. ಮನೆಯೊಡತಿಗೂ ಅಭ್ಯಾಸದ ಅರ್ಧ ಗಂಟೆ ಸಿಗಬೇಕಾದರೆ ಆ ಹೊತ್ತಿನ ಕೊಟ್ಟಿಗೆ ಕೆಲಸವನ್ನು ಬೇರೆಯವರು ಹೊರಬೇಕು. ಇದನ್ನು ಹೇಳದೆ ಬಿಟ್ಟರೆ ಮೇಲಿನ ಸಲಹೆಯೆಲ್ಲ ಗಂಡಸರಿಗಷ್ಟೇ ದಕ್ಕುತ್ತದೆ.

ಆಮೇಲೆ ತೋರಿಸಲು ಒಂದು ದಿನ ಗೊತ್ತು ಮಾಡಿ. ಊರಿನ ಗಣಪತಿ ಹಬ್ಬ, ನವರಾತ್ರಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ ಇವುಗಳಲ್ಲಿ ಯಾವುದಾದರೂ ಆಗಬಹುದು. ಹತ್ತು ನಿಮಿಷದ ಅರ್ಥಗಾರಿಕೆಯಾಗಲಿ, ಗೋಡೆಗೆ ತೂಗುಹಾಕಿದ ನಾಲ್ಕು ಚಿತ್ತಾರವಾಗಲಿ, ನಾಲ್ಕು ಜನರ ಕಣ್ಣಿಗೆ ಬೀಳಬೇಕು.

ಚಿತ್ತಾರ ಕಲಿಯಬೇಕೆನ್ನುವವರು ಈ ಸಲದ ಭೂಮಿ ಹುಣ್ಣಿಮೆಗೆ ಮುಂಚೆಯೇ ಬಲ್ಲವರ ಮನೆಗೆ ಹೋಗಿ. ಬುಟ್ಟಿಗೆ ಕೆಮ್ಮಣ್ಣು ಬಳಿದು ಬರೆಯಲು ಕೂರುವ ದಿನಗಳವು. ಬಲ್ಲ ಹಿರಿಯರು ಹೆಚ್ಚು ಮಂದಿ ಉಳಿದಿಲ್ಲ. ಎಲೆ ಅಡಿಕೆ ಕೊಟ್ಟು, ಕಲಿಸಿಕೊಡಿ ಎಂದು ಈ ವರ್ಷವೇ ಕೇಳಿ.