ಗಿಡ್ಡಕಾಲಿನ ಬ್ಯಾಂಟಂ ಕೋಳಿಗಳನ್ನು ಸಾಕುವ ಮತ್ತು ಮರಿ ಮಾಡಿಸುವ ಕ್ರಮ

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವು ತನ್ನ ದೊಡ್ಡ ಕೆರೆಗೂ ಅಡಿಕೆಯ ವ್ಯಾಪಾರಕ್ಕೂ ಹೆಸರಾದ ಗ್ರಾಮವು. ಸುತ್ತಲಿನ ಸೀಮೆಯು ಮಳೆ ಕಡಿಮೆಯಾದ ಬಯಲಾಗಿದ್ದರೂ ತೋಟಗಳೊಳಗೆ ನೆರಳೂ ತೇವವೂ ವರ್ಷದ ಬಹುಭಾಗ ಇರುವುವು. ಇಂಥ ತೋಟದ ಮನೆಗಳಲ್ಲಿ ನಾಟಿ ಕೋಳಿಗಳ ಜೊತೆಗೆ ಅಂದಕ್ಕಾಗಿ ಒಂದೆರಡು ಜೊತೆ ಬ್ಯಾಂಟಂ ಕೋಳಿಗಳನ್ನು ಇಟ್ಟುಕೊಳ್ಳಬೇಕೆಂಬ ಆಸೆಯುಳ್ಳವರು ಮೊದಲು ತಿಳಿಯತಕ್ಕ ಸಂಗತಿಗಳನ್ನು ಈ ಕರಪತ್ರದಲ್ಲಿ ಹೇಳಿದೆ.

ಜಾವಾ ದ್ವೀಪದಲ್ಲಿ ಬಾಂಟೆನ್ ಎಂಬ ಹಳೆಯ ರೇವುಪಟ್ಟಣವುಂಟು. ಯೂರೋಪಿನ ನಾವಿಕರು ಅಲ್ಲಿ ಕಂಡ ಸಣ್ಣ ಕೋಳಿಗಳಿಗೆ ಆ ಊರ ಹೆಸರನ್ನೇ ಇಟ್ಟರು. ಈಗ ಯಾವ ದೇಶದ ಗುಜ್ಜು ಕೋಳಿಗಾದರೂ ಬ್ಯಾಂಟಂ ಎಂದೇ ಹೆಸರು. ಇವುಗಳಲ್ಲಿ ನೋಟಕ್ಕೆ ಅತಿ ವಿಚಿತ್ರವಾದುದು ಜಪಾನ್ ದೇಶದವರು ಚಾಬೋ ಎಂದು ಕರೆಯುವ ತಳಿ. ಇದರ ಕಾಲುಗಳು ಬಹಳ ಗಿಡ್ಡ. ಎದೆಯು ನೆಲಕ್ಕೆ ಸಮೀಪ. ರೆಕ್ಕೆಯ ತುದಿಗಳು ನೆಲವನ್ನು ಮುಟ್ಟುವುವು. ಬಾಲವು ತಲೆಗಿಂತ ಮೇಲಕ್ಕೆ ನೆಟ್ಟಗೆ ಏಳುವುದು. ಬಿಳಿಯ ಮೈಗೆ ಕಪ್ಪು ಬಾಲವುಳ್ಳ ಬಗೆಯು ಎಲ್ಲಕ್ಕಿಂತ ಹೆಚ್ಚು ಪರಿಚಿತವಾಗಿದೆ. ಮಾಂಸಕ್ಕೆಂದೂ ಮೊಟ್ಟೆಯ ವ್ಯಾಪಾರಕ್ಕೆಂದೂ ಇದನ್ನು ಸಾಕುವುದು ವ್ಯರ್ಥವು. ಕಣ್ಣಿಗೆ ಅಂದವಾಗಿರುವುದೂ ಚೆನ್ನಾಗಿ ಕಾವು ಕೂರುವುದೂ ಇದರ ಎರಡು ಗುಣಗಳು.

ಮೊಟ್ಟೆಯೊಳಗೆ ಸಾಯುವ ಮರಿಗಳು:— ಗಿಡ್ಡಕಾಲಿನ ಹುಂಜವನ್ನೂ ಗಿಡ್ಡಕಾಲಿನ ಹೇಂಟೆಯನ್ನೂ ಹೆಚ್ಚಿನ ಹಣ ಕೊಟ್ಟು ತಂದವರು ಸಾಮಾನ್ಯವಾಗಿ ಹೇಳುವ ದೂರು ಒಂದೇ. ಹೇಂಟೆಯು ಬಿಡದೆ ಕಾವು ಕೂತರೂ ಕೆಲವು ಮೊಟ್ಟೆಗಳು ಒಡೆಯುವುದಿಲ್ಲ. ಒಡೆದ ಮರಿಗಳಲ್ಲಿಯೂ ಕೆಲವಕ್ಕೆ ನಾಟಿ ಕೋಳಿಯಂತೆ ನೀಳವಾದ ಕಾಲುಗಳಿರುವುವು. ಮೊದಲನೆಯದಕ್ಕೆ ಗುಡುಗನ್ನೋ, ಕಣ್ಣುಬಿದ್ದುದನ್ನೋ, ಹೇಂಟೆಯ ಸೋಮಾರಿತನವನ್ನೋ ಕಾರಣವಾಗಿ ಹೇಳುವರು. ಎರಡನೆಯದಕ್ಕೆ ಮಾರಿದವನು ಬೆರಕೆ ಹಕ್ಕಿಯನ್ನು ಕೊಟ್ಟು ಮೋಸಮಾಡಿದನೆನ್ನುವರು. ನಿಜವಾದ ಕಾರಣವು ಬೇರೆಯೇ ಆಗಿದೆ, ಮತ್ತು ಎರಡಕ್ಕೂ ಅದೊಂದೇ ಕಾರಣವಾಗಿದೆ.

ಪ್ರತಿಯೊಂದು ಮರಿಗೂ ಕಾಲಿನ ಉದ್ದವನ್ನು ಗೊತ್ತುಮಾಡುವ ಅಂಶವು ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವುದು. ಒಂದು ಗಿಡ್ಡ ಅಂಶವೂ ಒಂದು ನೀಳ ಅಂಶವೂ ಸೇರಿದರೆ ಕಾಲು ಗಿಡ್ಡವಾಗುವುದು. ಎರಡೂ ನೀಳವಾದರೆ ಕಾಲು ನೀಳವಾಗುವುದು. ಎರಡೂ ಗಿಡ್ಡವಾದರೆ ಮರಿಯು ಹೊರಕ್ಕೆ ಬಂದು ಬದುಕುವುದೇ ಇಲ್ಲ. ಅಂಥವುಗಳಲ್ಲಿ ಹೆಚ್ಚಿನವು ಕಾವಿನ ಮೂರು ನಾಲ್ಕನೆಯ ದಿವಸದಲ್ಲಿಯೇ ಸಾಯುವುವು, ಕೆಲವು ಕೊನೆಯ ದಿವಸಗಳವರೆಗೆ ಬೆಳೆದು ಚಿಪ್ಪಿನೊಳಗೆ ಸಾಯುವುವು. ಆದುದರಿಂದ ನೆಲದ ಮೇಲೆ ಓಡಾಡುವ ಪ್ರತಿಯೊಂದು ಗಿಡ್ಡಕಾಲಿನ ಹಕ್ಕಿಯೂ ತನ್ನೊಳಗೆ ಒಂದು ನೀಳ ಅಂಶವನ್ನು ಇಟ್ಟುಕೊಂಡೇ ಇರುವುದು. ಈ ಬಗೆಯ ಗಿಡ್ಡಕಾಲಿನ ವಿಚಾರವನ್ನು ಅಮೇರಿಕದಲ್ಲಿ ಲ್ಯಾಂಡಾಯರ್ ಮತ್ತು ಡನ್ ಎಂಬ ಶಾಸ್ತ್ರಜ್ಞರು ಕ್ರೀಪರ್ ಎಂಬ ಕೋಳಿಗಳಲ್ಲಿ ಪರೀಕ್ಷಿಸಿ 1930ರಲ್ಲಿ ಪ್ರಕಟಿಸಿದರು. ಎಲುಬಿನ ಬೆಳವಣಿಗೆಗೆ ಅವಶ್ಯಕವಾದ ಒಂದು ವಂಶವಾಹಿಯೇ ಇವುಗಳಲ್ಲಿ ಕಳೆದುಹೋಗಿದೆಯೆಂದು 2016ರಲ್ಲಿ ಚೀನಾ ದೇಶದ ಶೋಧಕರು ತೋರಿಸಿದರು.

ಹುಣಸೆಬೀಜವನ್ನು ಸೀಳಿ ಚೌಕಾಬಾರ ಆಡುವವರಿಗೆ ಇದರ ಲೆಕ್ಕವು ಸುಲಭವಾಗಿ ತಿಳಿಯುವುದು. ಎರಡು ಬೀಜಗಳನ್ನು ಮತ್ತೆ ಮತ್ತೆ ಎಸೆದರೆ ನಾಲ್ಕು ಸಲಕ್ಕೆ ಸುಮಾರು ಒಂದು ಸಲ ಎರಡೂ ಬಿಳಿ, ಒಂದು ಸಲ ಎರಡೂ ಕಪ್ಪು, ಎರಡು ಸಲ ಒಂದು ಬಿಳಿ ಒಂದು ಕಪ್ಪು ಬೀಳುವುವು. ಅದರಂತೆಯೇ, ಗಿಡ್ಡಕಾಲಿನ ಹುಂಜಕ್ಕೂ ಗಿಡ್ಡಕಾಲಿನ ಹೇಂಟೆಗೂ ಹುಟ್ಟಿದ 12 ಫಲಿತ ಮೊಟ್ಟೆಗಳಲ್ಲಿ ಸರಾಸರಿ 3 ಸಾಯುವುವು, 6 ಗಿಡ್ಡಕಾಲಿನವಾಗುವುವು, 3 ನೀಳಕಾಲಿನವಾಗುವುವು. ಈಗ ಒಂದು ಗಿಡ್ಡಕಾಲಿನ ಹಕ್ಕಿಗೆ ಅದೇ ತಳಿಯ ನೀಳಕಾಲಿನ ಹಕ್ಕಿಯನ್ನು ಜೊತೆ ಮಾಡಿದರೆ ಏನಾಗುವುದೆಂದು ನೋಡಬೇಕು. ಆಗ 12ರಲ್ಲಿ 6 ಗಿಡ್ಡ, 6 ನೀಳ. ಈ ಕಾರಣದಿಂದ ಸಾಯುವುದು ಒಂದೂ ಇಲ್ಲ. ಗಿಡ್ಡಕಾಲಿನ ಮರಿಗಳ ಸಂಖ್ಯೆಯು ಎರಡು ವಿಧದಲ್ಲಿಯೂ ಆರೇ ಆಗಿದೆಯೆಂಬುದನ್ನು ಗಮನಿಸತಕ್ಕದ್ದು. ಎರಡೂ ಗಿಡ್ಡವಾದ ಜೊತೆಗಾಗಿ ಕೊಟ್ಟ ಹೆಚ್ಚಿನ ಹಣದಿಂದ ಸಾಕಿದವನಿಗೆ ದೊರೆತದ್ದು ಮೂರು ಸತ್ತ ಮೊಟ್ಟೆಗಳು ಮಾತ್ರವೇ.

ಹೀಗಿರುವುದರಿಂದ ನೀಳಕಾಲಿನ ಮರಿಗಳನ್ನು ಕೀಳೆಂದು ತಿಳಿದು ಸಾರಿಗೆ ಹಾಕುವುದು ದೊಡ್ಡ ತಪ್ಪು. ಬಣ್ಣ, ಬಾಲ, ಜುಟ್ಟು ಇವುಗಳಲ್ಲಿ ಅವು ತಮ್ಮ ಒಡಹುಟ್ಟುಗಳಿಗೆ ಸಮಾನವಾಗಿಯೇ ಇರಬಹುದು. ಮುಂದಿನ ಸಂತಾನಕ್ಕೆ ಅವೇ ತಕ್ಕ ಜೊತೆ. ಆದರೆ ನೀಳಕಾಲಿನ ಎರಡನ್ನು ಕೂಡಿಸಿದರೆ ಗಿಡ್ಡಕಾಲು ಎಂದಿಗೂ ಹಿಂತಿರುಗುವುದಿಲ್ಲ. ಹುಂಜವು ನೀಳವಾಗಿದ್ದು ಹೇಂಟೆಯು ಗಿಡ್ಡವಾಗಿದ್ದರೂ, ಅಥವಾ ತಿರುವುಮುರುವಾಗಿದ್ದರೂ ಲೆಕ್ಕವೊಂದೇ. ಹೊಸದಾಗಿ ಕೊಳ್ಳುವವರು ಗಿಡ್ಡಕಾಲಿನದೊಂದನ್ನೂ ನೀಳಕಾಲಿನದೊಂದನ್ನೂ ಕೇಳಿ ತೆಗೆದುಕೊಳ್ಳುವುದು ಲೇಸು. ಮೇಲೆ ಹೇಳಿದ ಸಂಖ್ಯೆಗಳು ಸರಾಸರಿಯವು. ಎಂಟು ಮೊಟ್ಟೆಗಳ ಒಂದು ಕಾವಿನಲ್ಲಿ ಒಂದೂ ಸಾಯದೆ ಇರಬಹುದು, ಇನ್ನೊಂದು ಕಾವಿನಲ್ಲಿ ನಾಲ್ಕು ಸಾಯಬಹುದು. ಒಂದೇ ಸಲದ ಅನುಭವದಿಂದ ತೀರ್ಮಾನಿಸದೆ, ಪ್ರತಿಯೊಂದು ಮೊಟ್ಟೆಯ ಮೇಲೆಯೂ ಸೀಸದ ಕಡ್ಡಿಯಿಂದ ತಾರೀಖನ್ನೂ ಹೇಂಟೆಯ ಗುರುತನ್ನೂ ಬರೆದು, ಫಲವನ್ನು ಒಂದು ಪುಸ್ತಕದಲ್ಲಿ ಇಳಿಸುತ್ತ ಬರಬೇಕು.

ಮೊಟ್ಟೆಯ ಪರೀಕ್ಷೆ:— ಕಾವಿಗೆ ಇಟ್ಟ ಏಳನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ ಬ್ಯಾಟರಿ ದೀಪದ ಬಾಯಿಗೆ ಮೊಟ್ಟೆಯ ದಪ್ಪ ತುದಿಯನ್ನು ಹಿಡಿದು ನೋಡಬೇಕು. ಜೇಡನ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಮರಿಯು ಬೆಳೆಯುತ್ತಿದೆ. ನರಗಳಿಲ್ಲದೆ ಒಂದು ಕೆಂಪು ಬಳೆ ಮಾತ್ರ ಕಂಡರೆ ಮರಿಯು ಮೊದಲ ದಿವಸಗಳಲ್ಲಿಯೇ ಸತ್ತಿದೆ. ಏನೂ ಕಾಣದೆ ಮೊಟ್ಟೆಯೆಲ್ಲ ತಿಳಿಯಾಗಿದ್ದರೆ ಅದು ಫಲಿಸದ ಮೊಟ್ಟೆಯಾಗಿರುವುದೇ ಹೆಚ್ಚು. ಅದಕ್ಕೂ ಮೇಲಿನ ಲೆಕ್ಕಕ್ಕೂ ಸಂಬಂಧವಿಲ್ಲ. ತಿಳಿ ಮೊಟ್ಟೆಗಳು ಬಹಳವಾದಲ್ಲಿ ಹುಂಜವನ್ನು ಪರೀಕ್ಷಿಸಿ, ಹುಂಜ ಹೇಂಟೆಗಳೆರಡರ ಗುದದ ಸುತ್ತಲಿನ ದಟ್ಟವಾದ ಪುಕ್ಕಗಳನ್ನು ಕತ್ತರಿಯಿಂದ ಸ್ವಲ್ಪ ಸವರತಕ್ಕದ್ದು. ಗಿಡ್ಡ ಹುಂಜವು ಎತ್ತರದ ಹೇಂಟೆಯನ್ನು ಏರಲು ಕಷ್ಟಪಡುವುದೂ ಉಂಟು.

ಬ್ಯಾಂಟಂ ಹೇಂಟೆಯ ಮೈಯಡಿಗೆ ಅದರ ಸ್ವಂತ ಮೊಟ್ಟೆಗಳಲ್ಲಿ ಆರರಿಂದ ಎಂಟು ಮಾತ್ರ ಹಿಡಿಯುವುವು. ಮರಿಗಳು 19ರಿಂದ 21 ದಿವಸಗಳಲ್ಲಿ ಹೊರಬರುವುವು. ಕಾವಿಗೆ ಇಡಲು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವು ಉತ್ತಮ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕೂಡಿಟ್ಟ ಮೊಟ್ಟೆಯು ಹೇಂಟೆಯು ಕೂರುವುದಕ್ಕೆ ಮುಂಚೆಯೇ ಅರೆಬರೆ ಬೆಳೆಯಲಾರಂಭಿಸಿ ಕೆಡುವುದು. ಕೂಡಿಡುವ ಮೊಟ್ಟೆಗಳನ್ನು ಒದ್ದೆ ಮರಳಿನ ಮೇಲೆ ಇರಿಸಿದ ಮಡಕೆಯಲ್ಲಿ, ಒಂದು ವಾರಕ್ಕೆ ಮೀರದಂತೆ ಇಡಬೇಕು.

ಗೂಡು:— ಗಿಡ್ಡಕಾಲಿನ ಕೋಳಿಗೆ ತೇವವೇ ಪರಮಶತ್ರು. ತೋಟಕ್ಕೆ ನೀರು ಹಾಯಿಸಿದ ದಿವಸ ನಾಟಿ ಕೋಳಿಯು ಕೆಸರಿನಲ್ಲಿ ಕೆದಕುತ್ತ ಸುಖವಾಗಿರುವುದು. ಇದಾದರೋ ಎದೆಯ ಪುಕ್ಕವೆಲ್ಲ ತೊಯ್ದು ನಡುಗುವುದು. ಆದುದರಿಂದ ಇದನ್ನು ತೋಟದೊಳಗೆ ಬಿಡದೆ, ಮನೆಯ ಹಿತ್ತಲಿನ ಎತ್ತರವಾದ ಒಣ ಜಾಗದಲ್ಲಿ ಬೇಲಿಕಟ್ಟಿ ಸಾಕಬೇಕು. ಒಂದು ಹುಂಜ ಮೂರು ಹೇಂಟೆಗಳಿಗೆ 4 ಅಡಿ ಉದ್ದ 3 ಅಡಿ ಅಗಲದ ರಾತ್ರಿಗೂಡು ಸಾಕು. ಅದನ್ನು ಕಲ್ಲುಗಳ ಮೇಲೆ ಎತ್ತರಿಸಿ, ಹತ್ತಲು ಹಲಗೆಯನ್ನು ಓರೆಯಾಗಿ ಇಡಬೇಕು. ಕೂರುವ ಗಳುವು ಒಂದು ಅಡಿಗಿಂತ ಎತ್ತರವಿರಬಾರದು. ಕಿಂಡಿಗಳಿಗೆ ಅರ್ಧ ಅಂಗುಲದ ಕಣ್ಣಿನ ಬಲೆ ಹೊಡೆಯದಿದ್ದರೆ ಮುಂಗುಸಿ, ಹಾವು, ಕಾಡುಬೆಕ್ಕುಗಳಿಗೆ ಈ ಹಕ್ಕಿಯು ಸುಲಭವಾದ ತುತ್ತು. ಓಡುವುದಕ್ಕೆ ಇದಕ್ಕೆ ಕಾಲಿಲ್ಲವಷ್ಟೆ. ನೆಲಕ್ಕೆ ಒಣಗಿದ ಕಡಲೆಕಾಯಿ ಸಿಪ್ಪೆಯನ್ನು ಮೂರು ಅಂಗುಲ ದಪ್ಪಕ್ಕೆ ಹರಡಿ, ತೇವವಾದೊಡನೆ ತೆಗೆಯುತ್ತಿರಬೇಕು. ಅಡಿಕೆಯ ಸಿಪ್ಪೆಯು ಈ ಸೀಮೆಯಲ್ಲಿ ಬಿಟ್ಟಿಯಾಗಿ ಸಿಕ್ಕಬಹುದಾದರೂ ಬೂಷ್ಟು ಹಿಡಿದ ಸಿಪ್ಪೆಯು ಹಕ್ಕಿಯ ಉಸಿರಿಗೆ ಕೇಡು. ಒಂದು ಮೂಲೆಯಲ್ಲಿ ಬೂದಿ ಬೆರೆಸಿದ ಒಣ ಮಣ್ಣಿದ್ದರೆ ಅದರಲ್ಲಿ ಹೊರಳಾಡಿ ಹೇನುಗಳನ್ನು ಕಳೆದುಕೊಳ್ಳುವುವು.

ಗಿರಿರಾಜದಂತಹ ಭಾರಿ ಕೋಳಿಗಳೊಂದಿಗೆ ಇವನ್ನು ಸೇರಿಸಬಾರದು. ತುಳಿತದಿಂದಲೂ ಕುಕ್ಕುವಿಕೆಯಿಂದಲೂ ಹಾಳಾಗುವುವು. ಅಡಿಕೆಗೆ ಬೋರ್ಡೋ ಮಿಶ್ರಣವನ್ನು ಸಿಂಪಡಿಸುವ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಕೋಲ್ಮನ್ನರು ಕೊಳೆರೋಗದ ನಿವಾರಣೆಗಾಗಿ ಬಳಕೆಗೆ ತಂದುದು ತೋಟಗಾರರಿಗೆ ಮಹೋಪಕಾರವಾಯಿತು. ಆದರೆ ಮೈಲುತುತ್ತದ ಪಾತ್ರೆ ತೊಳೆದ ನೀರು ಹಿತ್ತಲಿನ ಗುಂಡಿಯಲ್ಲಿ ನಿಂತರೆ ಅದನ್ನು ಕುಡಿದ ಕೋಳಿಯು ಸಾಯಬಹುದು. ಇಲಿಪಾಷಾಣದ ವಿಷಯವನ್ನು ಹೇಳಬೇಕಾದುದೇ ಇಲ್ಲ.

ಆಹಾರ:— ಬೆಳೆದ ಹಕ್ಕಿಗೆ ದಿನಕ್ಕೆ ಸುಮಾರು 50 ಗ್ರಾಂ ಸಾಕು. ನುಚ್ಚು ಮಾಡಿದ ಮುಸುಕಿನ ಜೋಳ, ರಾಗಿ, ನವಣೆ, ಸ್ವಲ್ಪ ಹಿಂಡಿ, ಸೊಪ್ಪು, ಮೊಟ್ಟೆಯಿಡುವ ಹೇಂಟೆಗೆ ಚಿಪ್ಪಿನ ಚೂರು. ಬೂಷ್ಟು ಬಂದ ಕಡಲೆಕಾಯಿ ಹಿಂಡಿಯಲ್ಲಿ ವಿಷವುಂಟಾಗುವುದರಿಂದ ಅದನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಮರಿಗಳಿಗೆ ಅಂಗಡಿಯ ಮರಿ ಆಹಾರವನ್ನೇ ಇನ್ನೂ ಸಣ್ಣಗೆ ಒಡೆದು ಕೊಡಬೇಕು. ನೀರಿನ ತಟ್ಟೆಯು ಆಳವಾಗಿರಬಾರದು. ಅದರಲ್ಲಿ ಗೋಲಿಗಾತ್ರದ ಕಲ್ಲುಗಳನ್ನು ಹಾಕದಿದ್ದರೆ ಮರಿಗಳು ಮುಳುಗಿ ಸಾಯುವುವು.

ರೋಗಗಳು:— ಗೂಡಿನಲ್ಲಿ ಎಷ್ಟು ಜಾಗ್ರತೆಯಿದ್ದರೂ ಕೊಕ್ಕರೆ ರೋಗವು ಬಂದರೆ ಎರಡು ಮೂರು ದಿವಸಗಳಲ್ಲಿ ಎಲ್ಲವೂ ಹೋಗಬಹುದು. ಇದಕ್ಕೆ ರಾಣಿಖೇತ್ ರೋಗವೆಂದೂ ಹೆಸರು. ಬಂದಮೇಲೆ ಔಷಧವಿಲ್ಲ, ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ಉಪಾಯ. ಮರಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಅನಂತರ ಸುಮಾರು ಎಂಟನೆಯ ವಾರದಲ್ಲಿ ಚುಚ್ಚುಮದ್ದು ಎಂಬುದು ಸಾಮಾನ್ಯ ಕ್ರಮವು. ಸ್ಥಳೀಯ ಪಶುವೈದ್ಯರ ಸಲಹೆಯಂತೆ ನಡೆಯತಕ್ಕದ್ದು. ಹಕ್ಕಿಯು ಚಿಕ್ಕದೆಂದು ಲಸಿಕೆಯ ಪ್ರಮಾಣವನ್ನು ಕಡಿಮೆ ಮಾಡಬಾರದು. ಒಂದು ಸೀಸೆಯ ಲಸಿಕೆಯು ನೂರಾರು ಕೋಳಿಗಳಿಗೆ ಸಾಲುವಷ್ಟಿದ್ದು, ಬೆರೆಸಿದ ಮೇಲೆ ಮಾರನೆಯ ದಿವಸಕ್ಕೆ ಉಳಿಯುವುದಿಲ್ಲ. ಆದುದರಿಂದ ನಾಲ್ಕು ಬ್ಯಾಂಟಂಗಳಿರುವವನು ನೆರೆಹೊರೆಯವರ ನಾಟಿ ಕೋಳಿಗಳಿಗೂ ಅದೇ ದಿವಸ ಹಾಕಿಸಿದರೆ ಖರ್ಚು ಹಂಚಿಹೋಗುವುದು, ರೋಗವು ಬೇಲಿಯಾಚೆಯಿಂದ ಬರುವ ಭಯವೂ ತಗ್ಗುವುದು.

ಕಾಲಿನ ಪೊರೆಗಳು ಎದ್ದು ದಪ್ಪನಾದರೆ ಅದು ಸೂಕ್ಷ್ಮವಾದ ಹುಳುವಿನ ಕೆಲಸ. ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಕೊಬ್ಬರಿ ಎಣ್ಣೆಯನ್ನು ಕೆಲವು ವಾರಗಳವರೆಗೆ ಹಚ್ಚುತ್ತಿದ್ದರೆ ವಾಸಿಯಾಗುವುದು. ಗಿಡ್ಡಕಾಲಿನ ಹಕ್ಕಿಯಲ್ಲಿ ಇದು ಪುಕ್ಕದೊಳಗೆ ಮರೆಯಾಗಿ ತಡವಾಗಿ ಕಾಣುವುದರಿಂದ ತಿಂಗಳಿಗೊಮ್ಮೆ ಕೈಗೆತ್ತಿಕೊಂಡು ನೋಡಬೇಕು.

ಹೊಸದಾಗಿ ಸಂತೆಯಿಂದಲೋ ಬೇರೆ ಊರಿನಿಂದಲೋ ತಂದ ಹಕ್ಕಿಯನ್ನು ಮೂರು ವಾರ ಬೇರೆ ಗೂಡಿನಲ್ಲಿಟ್ಟು, ಹಳೆಯ ಹಕ್ಕಿಗಳಿಗೆ ಮೇವು ಹಾಕಿದ ಮೇಲೆಯೇ ಅದರ ಬಳಿಗೆ ಹೋಗತಕ್ಕದ್ದು. ಅದನ್ನು ತಂದ ಬುಟ್ಟಿಯನ್ನು ಸುಡಬೇಕು, ಇಲ್ಲವೆ ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು.