ಹೊಗೆ ಹೋಗುವ ದಾರಿ

ಅಳಿಯ, ಗುಂಡ್ಯದಲ್ಲಿ ಹೋಟೆಲಿಗೆ ಜಾಗ ಹಿಡಿದದ್ದು ಒಳ್ಳೆಯದಾಯಿತು. ಶಿರಾಡಿ ಘಾಟಿ ಇಳಿದು ಬರುವವರಿಗೆ ಹಸಿವಾಗುವುದು ಇಲ್ಲಿ, ಸುಬ್ರಹ್ಮಣ್ಯದ ಕಡೆ ತಿರುಗುವವರು ಚಾ ಕುಡಿಯುವುದೂ ಇಲ್ಲಿ. ಅಡಿಗೆಯ ಬಗ್ಗೆ ನಿನಗೆ ನಾನು ಹೇಳಬೇಕಾದ್ದಿಲ್ಲ. ಆದರೆ ಒಲೆಯ ಮೇಲಿನ ಸ್ಟೀಲಿನ ಹುಡ್ ಫಳಫಳ ಹೊಳೆಯುತ್ತದೆಂದು ನೀನು ಬೀಗುವುದು ನೋಡಿದರೆ ಒಂದು ಮಾತು ಹೇಳದೆ ಆಗುವುದಿಲ್ಲ.

ಹುಡ್ ಎಲ್ಲರಿಗೂ ಕಾಣುತ್ತದೆ, ಹುಡುಗರು ದಿನಾ ಒರೆಸುತ್ತಾರೆ. ಅದರ ಹಿಂದಿನ ಡಕ್ಟ್ ಗೋಡೆ ಹೊಕ್ಕು, ಎರಡು ಕಡೆ ತಿರುಗಿ, ಮೇಲಿನ ಲಾಡ್ಜಿನ ರೂಮುಗಳ ಬಗಲಲ್ಲೇ ತಾರಸಿಗೆ ಏರುತ್ತದಲ್ಲ, ಅದರೊಳಗೆ ಇಣುಕುವವರು ಯಾರು? ಗೋಳಿಬಜೆ, ಬನ್ಸ್, ಪೂರಿ ಅಂತ ನಮ್ಮ ಕಡೆ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಎಣ್ಣೆಯ ಆವಿ ಬಿಸಿಯಾಗಿ ಮೇಲೇರಿ, ತಗಡು ತಣ್ಣಗಿರುವಲ್ಲಿ, ಅದರಲ್ಲೂ ತಿರುವಿನಲ್ಲಿ, ಜಿಡ್ಡಾಗಿ ಕೂರುತ್ತದೆ. ಇಲ್ಲಿಯ ಮಳೆಗಾಲದ ಥಂಡಿಗೆ ಇನ್ನೂ ಬೇಗ ಕೂರುತ್ತದೆ. ಒಂದು ದಿನ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತೆನ್ನು. ಒಲೆಯ ಮೇಲಾದರೆ ಮುಚ್ಚಳ ಹಾಕಿ ಆರಿಸಬಹುದು. ಫ್ಯಾನು ಅದನ್ನು ಎಳೆದು ಡಕ್ಟಿನ ಜಿಡ್ಡಿಗೆ ಮುಟ್ಟಿಸಿದರೆ, ಆ ಬೆಂಕಿ ನಿನ್ನ ಕೈಗೆ ಸಿಗುವುದಿಲ್ಲ.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪು ಮಾಡಿಕೊ. 2010ರ ಫೆಬ್ರವರಿ 23. ಅಲ್ಲಿ ಅಡಿಗೆಮನೆಯದ್ದಲ್ಲ, ವಿದ್ಯುತ್ ಶಾಫ್ಟಿನ ಬೆಂಕಿ. ಹೊಗೆ ಮಾತ್ರ ಮೇಲಿನ ಮಹಡಿಗಳನ್ನೆಲ್ಲ ತುಂಬಿತು. ಉಸಿರುಕಟ್ಟಿ ಕೆಲವರು, ತಡೆಯಲಾರದೆ ಕೆಳಗೆ ಹಾರಿ ಕೆಲವರು, ಒಟ್ಟು 9 ಮಂದಿ ಹೋದರು. ಕಟ್ಟಡದಲ್ಲಿ ನೆಟ್ಟಗೆ ಮೇಲೇರುವ ಯಾವ ಕೊಳವೆಯಾದರೂ ಹೊಗೆಗೆ ಏಣಿಯೇ. ನಿನ್ನ ಡಕ್ಟಿನ ಬಗಲಲ್ಲಿ ಕುಕ್ಕೆಗೆ ಹೋಗುವ ಸಂಸಾರಗಳು ಮಕ್ಕಳೊಟ್ಟಿಗೆ ಮಲಗಿರುತ್ತವೆ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಅಂತ ಕೇಳುತ್ತಿ. ಅಮೆರಿಕದವರ ಎನ್‌ಎಫ್‌ಪಿಎ 96 ಎಂಬ ಮಾನದಂಡ ಉಂಟು. ಕಟ್ಟಿಗೆ, ಇದ್ದಲಿನ ಒಲೆಯಾದರೆ ತಿಂಗಳಿಗೊಮ್ಮೆ, ಹಗಲು ರಾತ್ರಿ ಉರಿಯುವ ದೊಡ್ಡ ಅಡಿಗೆಮನೆಗೆ ಮೂರು ತಿಂಗಳಿಗೊಮ್ಮೆ, ಸಾಧಾರಣದ್ದಕ್ಕೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ, ಜಿಡ್ಡು ಕಂಡರೆ ತೊಳೆಯಿರಿ ಎನ್ನುತ್ತದೆ ಅದು. ನೀನು ಅನ್ನಕ್ಕೆ ಕಟ್ಟಿಗೆ ಒಲೆಯನ್ನೂ ಇಟ್ಟಿದ್ದಿ. ಮಸಿಯೂ ಜಿಡ್ಡೂ ಒಂದೇ ದಾರಿಯಲ್ಲಿ ಹೋಗಬಾರದು, ಅದಕ್ಕೆ ಬೇರೆ ಚಿಮಣಿ ಮಾಡಿಸು. ಖರ್ಚಾಗಲಿ.

ಹುಡ್ಡಿನ ಫಿಲ್ಟರನ್ನು ರಾತ್ರಿ ಒಲೆ ಆರಿದ ಮೇಲೆ ದಿನಾ ತೆಗೆದು ಬಿಸಿನೀರು, ಸೋಪಿನಲ್ಲಿ ತೊಳೆಸು. ಸ್ಟೀಲಿನದ್ದೇ ಹಾಕಿಸು. ಅಲ್ಯೂಮಿನಿಯಂ ಅಗ್ಗ, ನಿಜ. ಆದರೆ ಹುಡುಗರು ಬೇಗ ಮುಗಿಯಲಿ ಅಂತ ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದಿದರೆ ಅಲ್ಯೂಮಿನಿಯಂ ಕರಗಿಹೋಗುತ್ತದೆ, ಮೇಲಿಂದ ಹತ್ತಿ ಉರಿಯುವ ಹೈಡ್ರೋಜನ್ ಬಿಡುತ್ತದೆ. ಪೆಟ್ರೋಲು, ಥಿನ್ನರ್ ಡಕ್ಟಿನ ಹತ್ತಿರವೂ ಬೇಡ.

ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು ಎಂಬುದು ಇಂಜಿನಿಯರುಗಳಿಗೂ ಎಷ್ಟೋ ಸಲ ಮರೆತುಹೋಗುತ್ತದೆ. ಮಳೆ ಎರಚಲು ಬರುತ್ತದೆಂದು ಜೂನಿನಲ್ಲಿ ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟುತ್ತೇವಲ್ಲ, ಆಗ ನೋಡು: ಅಡಿಗೆಮನೆಯ ಬಾಗಿಲು ತನ್ನಷ್ಟಕ್ಕೆ ಎಳೆದುಕೊಳ್ಳುತ್ತದೆ, ಗ್ಯಾಸಿನ ಜ್ವಾಲೆ ವಾಲುತ್ತದೆ, ಕಕ್ಕಸಿನ ವಾಸನೆ ಊಟದ ಹಾಲಿಗೆ ಬರುತ್ತದೆ. ಫ್ಯಾನು ಹಾಳಾಗಿದೆಯೆಂದು ಇನ್ನೂ ದೊಡ್ಡದು ತಂದು ಹಾಕುವವರಿದ್ದಾರೆ. ಹಾಕಿದರೆ ವಾಸನೆಯೂ ದೊಡ್ಡದಾಗುತ್ತದೆ, ಅಷ್ಟೆ. ಎರಚಲು ಬಡಿಯದ ಕಡೆ ಇಳಿಜಾರು ಪಟ್ಟಿಯ ಜಾಲಂದ್ರ ಇಡಿಸು. ಎಳೆತ ಉಂಟೋ ಇಲ್ಲವೋ ನೋಡಲಿಕ್ಕೆ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಒಂದು ಊದುಬತ್ತಿ ಸಾಕು. ಹುಡ್ಡಿನ ಅಂಚಿಗೆ ಹಿಡಿ, ಹೊಗೆ ಒಳಗೆ ನುಗ್ಗಬೇಕು.

ಇನ್ನೊಂದು ಇಲ್ಲಿಯದೇ ತಾಪತ್ರಯ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಲೈನ್ ರಿಪೇರಿಯಾಗಿ ಬರುವಾಗ ಕೆಲವೊಮ್ಮೆ ಫೇಸ್ ಅದಲುಬದಲಾಗಿರುತ್ತದೆ. ಮೂರು ಫೇಸಿನ ಬ್ಲೋವರ್ ಆಗ ಉಲ್ಟಾ ತಿರುಗುತ್ತದೆ. ಮೋಸ ಏನೆಂದರೆ, ಉಲ್ಟಾ ತಿರುಗಿದರೂ ಗಾಳಿ ಹೊರಗೇ ಹೋಗುತ್ತದೆ, ಬಹಳ ಕಡಿಮೆ, ಸದ್ದು ಮಾತ್ರ ಅಷ್ಟೇ. ಮೋಟರಿನ ಮೇಲೆ ಬಾಣದ ಗುರುತು ಉಂಟು, ನೋಡುವ ಅಭ್ಯಾಸ ಮಾಡಿಕೊ. ಜನರೇಟರಿನ ಹೊಗೆಬಾಯಿ ಈ ಜಾಲಂದ್ರದ ಹತ್ತಿರ ಇರಕೂಡದು. ಡೀಸೆಲ್ ಹೊಗೆ ನಾರುತ್ತದೆ ಸರಿ, ಅದರೊಳಗಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ ಮಾರಾಯ.

ಏಸಿ ಹಾಲಿನ ವಿಷಯ ಚಿಕ್ಕದು. ಸ್ಪ್ಲಿಟ್ ಏಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಒದ್ದೆ ಕೊಡೆ, ಒದ್ದೆ ಬಟ್ಟೆಯ ಜನ ತುಂಬಿದರೆ ಮುಗ್ಗಲು ವಾಸನೆ ಬಾರದೆ ಇರುತ್ತದೆಯೇ? ಫಿಲ್ಟರು, ನೀರಿಳಿಯುವ ಪೈಪು ಹದಿನೈದು ದಿನಕ್ಕೊಮ್ಮೆ ತೊಳೆಸು, ಹಾಲಿಗೂ ಒಂದು ಎಕ್ಸಾಸ್ಟ್ ಇಡು.

ಘಾಟಿ ಬಂದ್ ಆಗುವುದು ಇಲ್ಲಿ ಹೊಸತಲ್ಲ. 2018ರಲ್ಲಿ ಕಾಂಕ್ರೀಟು ಕೆಲಸಕ್ಕೆ ಜನವರಿಯಿಂದ ಜುಲೈವರೆಗೆ ಮುಚ್ಚಿತು, ತೆರೆದು ತಿಂಗಳಾಗುವಾಗ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅಂಥ ಬಿಡುವಿನ ನಂತರ ನೇರ ಸ್ವಿಚ್ ಒತ್ತಬೇಡ. ಕಣಜದ ಗೂಡು, ಇಲಿಯ ಗೂಡು, ಒಣಗಿ ಬಿರುಕು ಬಿಟ್ಟ ಬೆಲ್ಟು, ಎಲ್ಲ ನೋಡಿಸಿಯೇ ಶುರು ಮಾಡು.

ಡಕ್ಟ್ ತೊಳೆಯಲಿಕ್ಕೆ ಗೊತ್ತಿದ್ದವರನ್ನೇ ಕರೆ. ಮಾಣಿಗಳನ್ನು ಒಳಗೆ ಇಳಿಸಬೇಡ, ಮಳೆಯಲ್ಲಿ ಶೀಟಿನ ಮೇಲೆ ಹತ್ತಿಸಬೇಡ. ಕೆಲಸ ಮುಗಿಯುವವರೆಗೆ ಫ್ಯಾನಿನ ಮೇನ್ ತೆಗೆದು ಬೀಗದ ಕೈ ನಿನ್ನ ಜೇಬಿನಲ್ಲಿರಲಿ. ಬಂದವರು ಹುಡ್ ತಿಕ್ಕಿ, ತಾರೀಕಿನ ಸ್ಟಿಕ್ಕರ್ ಅಂಟಿಸಿ ಬಿಲ್ಲು ಕೊಡುತ್ತಾರೆ. ತೊಳೆಯುವ ಮೊದಲಿನದ್ದು, ನಂತರದ್ದು ಎರಡೂ ಫೋಟೋ ಕೇಳು. ತಿರುವಿನೊಳಗಿನದ್ದೇ ಆಗಬೇಕು. ಅದಿಲ್ಲದೆ ದುಡ್ಡಿಲ್ಲ ಅಂತ ಮೊದಲೇ ಹೇಳಿಬಿಡು.

ಆದರೆ ಫೋಟೋ ತೆಗೆಯಲಿಕ್ಕೆ ಬಾಗಿಲು ಬೇಕಲ್ಲ! ನಿನ್ನ ಡಕ್ಟಿಗೆ ಒಂದೂ ಇಲ್ಲ, ನಾನು ನೋಡಿದ್ದೇನೆ. ಪ್ರತಿ ತಿರುವಿನಲ್ಲೂ ಕೈ, ತಲೆ ಹೋಗುವಷ್ಟು ಅಗಲದ, ಎಣ್ಣೆ ಸೋರದ ಬಾಗಿಲು ಇರಬೇಕು. ಫಾಲ್ಸ್ ಸೀಲಿಂಗಿನವರು ಸೋಮವಾರ ಬರುತ್ತಾರೆಂದೆ. ಅವರಿಗೆ ಫೋನು ಮಾಡಿ ಒಂದು ವಾರ ಮುಂದೆ ಹಾಕಲು ಹೇಳು, ಮೊದಲು ಪುತ್ತೂರಿನಿಂದ ತಗಡಿನ ಕೆಲಸದವರನ್ನು ಕರೆಸು.