ದಿನನಿತ್ಯದ ಶ್ರೀಗ್ರಂಥ ವಾಚನ

ಓದುವುದರಲ್ಲಿ ಎರಡು ಬಗೆಯುಂಟು. ಮನಸ್ಸಿಗೆ ಬಂದುದನ್ನು ನಾವೇ ಆರಿಸಿಕೊಂಡು ಓದುವುದು ಒಂದು. ಅನ್ಯರು ಗೊತ್ತುಮಾಡಿಟ್ಟುದನ್ನು ಓದುವುದು ಮತ್ತೊಂದು. ವಿದ್ಯಾರ್ಥಿಗಳಾದ ನಮಗೆ ಎರಡನೆಯದೆಂದರೆ ಪರೀಕ್ಷೆಯ ಪಠ್ಯವೇ ನೆನಪಾಗುವುದು ಸಹಜ. ಕಥೋಲಿಕ ಕ್ರೈಸ್ತರ ದಿನನಿತ್ಯದ ಶ್ರೀಗ್ರಂಥ ವಾಚನವೂ ಈ ಎರಡನೆಯ ಬಗೆಗೇ ಸೇರಿದುದು. ಆ ಸಂಪ್ರದಾಯದಲ್ಲಿ ಬೆಳೆದ ನಾನು ಅದರ ಸ್ವರೂಪವನ್ನೂ ಪ್ರಯೋಜನವನ್ನೂ ಇಲ್ಲಿ ವಿಚಾರಮಾಡಲು ಯತ್ನಿಸಿದ್ದೇನೆ.

ಹಿಂದೆ ಭಾನುವಾರದ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಪತ್ರಗಳಿಂದ ಒಂದು ಭಾಗ, ಶುಭಸಂದೇಶದಿಂದ ಒಂದು ಭಾಗ ಲತೀನ್ ಭಾಷೆಯಲ್ಲಿ ಓದಲ್ಪಡುತ್ತಿದ್ದವು. ಅವೇ ಭಾಗಗಳು ಪ್ರತಿವರ್ಷವೂ ಮರಳಿ ಬರುತ್ತಿದ್ದವು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಶಾಸನದಲ್ಲಿ, ಶ್ರೀಗ್ರಂಥದ ಭಂಡಾರವನ್ನು ಜನರಿಗೆ ಇನ್ನೂ ಧಾರಾಳವಾಗಿ ತೆರೆಯಬೇಕೆಂದು ವಿಧಿಸಿತು. ಅದರಂತೆ 1969ರಲ್ಲಿ ಹೊಸ ವಾಚನಕ್ರಮವು ಪ್ರಕಟವಾಯಿತು. ಭಾನುವಾರಗಳಿಗೆ ಮೂರು ವರ್ಷಗಳ ಚಕ್ರ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನನ ಶುಭಸಂದೇಶವು ವಿಶೇಷವಾಗಿ ತಪಸ್ಸುಕಾಲ ಹಾಗೂ ಪಾಸ್ಖಕಾಲಗಳಲ್ಲಿ ಕೇಳಿಬರುತ್ತದೆ. ವಾರದ ದಿನಗಳಲ್ಲಿ, ಸಾಧಾರಣ ಕಾಲದ ಮೊದಲನೆಯ ವಾಚನವು ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶವಾದರೋ ಪ್ರತಿವರ್ಷವೂ ಒಂದೇ. ನಡುವೆ ಒಂದು ಕೀರ್ತನೆ. ಇಂದು ಕರ್ನಾಟಕದಲ್ಲಿ ಇವು ಕನ್ನಡ, ಕೊಂಕಣಿ ಮೊದಲಾದ ಭಾಷೆಗಳಲ್ಲಿ ಕೇಳಿಬರುತ್ತವೆ.

ಹೀಗಿರಲು, ಕೇಳಿದುದನ್ನೇ ವರ್ಷವರ್ಷವೂ ಕೇಳುವುದರಿಂದ ಏನು ಲಾಭವೆಂದು ಯಾರಾದರೂ ಪ್ರಶ್ನಿಸಬಹುದು. ಇದಕ್ಕೆ ಬಿತ್ತುವವನ ಸಾಮತಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಒಬ್ಬನು ಬಿತ್ತಿದ ಬೀಜ ಕೆಲವು ದಾರಿಯ ಮಗ್ಗುಲಲ್ಲಿ, ಕೆಲವು ಬಂಡೆಯ ನೆಲದಲ್ಲಿ, ಕೆಲವು ಮುಳ್ಳುಗಳ ನಡುವೆ, ಕೆಲವು ಒಳ್ಳೆಯ ನೆಲದಲ್ಲಿ ಬಿದ್ದವಷ್ಟೆ. ಈ ಕಥೆಯು ವಾರದ ದಿನಗಳ ವಾಚನದಲ್ಲಿ ವರ್ಷಕ್ಕೆ ಮೂರು ಸಲ ಬರುತ್ತದೆ: ಜನವರಿಯ ಕೊನೆಗೆ ಮಾರ್ಕನಿಂದ, ಜುಲೈ ತಿಂಗಳಲ್ಲಿ ಮತ್ತಾಯನಿಂದ, ಸೆಪ್ಟೆಂಬರಿನಲ್ಲಿ ಲೂಕನಿಂದ. ಹಬ್ಬಗಳು ಅಡ್ಡಬಂದರೆ ಮಾತ್ರ ಇದು ತಪ್ಪುತ್ತದೆ. ಮಾರ್ಕನಲ್ಲಿ ಫಲವು ಮೂವತ್ತು, ಅರವತ್ತು, ನೂರು ಎಂದು ಏರುತ್ತದೆ. ಮತ್ತಾಯನಲ್ಲಿ ನೂರು, ಅರವತ್ತು, ಮೂವತ್ತು ಎಂದು ಇಳಿಯುತ್ತದೆ. ಲೂಕನಲ್ಲಿ ನೂರರಷ್ಟು ಎಂಬುದೊಂದೇ ಮಾತು. ಲೂಕನು ಒಳ್ಳೆಯ ನೆಲದ ಲಕ್ಷಣವನ್ನು ಹೇಳುವಾಗ ತಾಳ್ಮೆಯನ್ನೂ ಸೇರಿಸುತ್ತಾನೆ. ಮತ್ತಾಯನ ಪಾಠವನ್ನು ಮೂರು ದಿನಕ್ಕೆ ಹಂಚಿದೆ: ಮೊದಲ ದಿನ ಕಥೆ, ಮರುದಿನ ಸಾಮತಿಗಳಲ್ಲಿ ಮಾತನಾಡುವುದೇಕೆಂಬ ಶಿಷ್ಯರ ಪ್ರಶ್ನೆ, ಮೂರನೆಯ ದಿನ ಅರ್ಥವಿವರಣೆ. ಅರ್ಥಕ್ಕಾಗಿ ಕಾಯುವುದೂ ಓದಿನ ಒಂದು ಅಂಗವೆಂಬುದನ್ನು ಈ ಏರ್ಪಾಡು ನನಗೆ ಕಲಿಸಿತು. ಅದೇ ಕಾಲಕ್ಕೆ ನಮ್ಮ ಹೊಲಗಳಲ್ಲಿಯೂ ಮುಂಗಾರಿನ ಬೀಜ ನೆಲದೊಳಗೆ ಬಿದ್ದಿರುತ್ತದೆ.

ಆದರೆ ಈ ಸಾಮತಿಯೇ ನಿತ್ಯವಾಚನದ ಅಪಾಯವನ್ನೂ ಸೂಚಿಸುತ್ತದೆಂದು ನನ್ನ ಭಾವನೆ. ದಾರಿ ಎಂದರೇನು? ದಿನವೂ ತುಳಿದು ತುಳಿದು ಗಟ್ಟಿಯಾದ ನೆಲ. ದಿನವೂ ಕಿವಿಯ ಮೇಲೆ ಬೀಳುವ ಮಾತು ಕೂಡ ಮನಸ್ಸನ್ನು ದಾರಿಯನ್ನಾಗಿ ಮಾಡಿಬಿಡಬಲ್ಲದು. ಕಥೆ ಮೊದಲಾಗುತ್ತಲೇ 'ಇದು ಗೊತ್ತಿರುವುದೇ' ಎಂದು ಮನಸ್ಸು ಬೇರೆಡೆಗೆ ಹೋದರೆ, ಬೀಜವನ್ನು ಹಕ್ಕಿಗಳು ಹೆಕ್ಕಿದಂತೆಯೇ ಸರಿ. ಅಭ್ಯಾಸವಿಲ್ಲದೆ ಸಾಧನೆಯಿಲ್ಲ, ಬರಿಯ ಅಭ್ಯಾಸದಿಂದಲೂ ಸಾಧನೆಯಿಲ್ಲ.

ಇದಕ್ಕೆ ಉಪಾಯವನ್ನು ಹಿಂದಿನವರೇ ಹೇಳಿದ್ದಾರೆ. ಹನ್ನೆರಡನೆಯ ಶತಮಾನದ ಎರಡನೆಯ ಗೀಗೊ ಎಂಬ ಕಾರ್ತೂಸಿಯನ್ ಸಂನ್ಯಾಸಿಯು ವಾಚನವನ್ನು ನಾಲ್ಕು ಮೆಟ್ಟಿಲುಗಳ ಏಣಿಗೆ ಹೋಲಿಸಿದನು: ಓದು, ಮನನ, ಪ್ರಾರ್ಥನೆ, ಧ್ಯಾನ. ನಮ್ಮ ದೇಶದ ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಓದಿ ಮುಗಿಸಿದ ಮೇಲೆ ಒಂದು ಮಾತನ್ನು ಹಿಡಿದು ಐದು ನಿಮಿಷ ಸುಮ್ಮನಿರುವುದೇ ಗಟ್ಟಿಯಾದ ನೆಲವನ್ನು ಉಳುವ ಕೆಲಸ.

ಇಷ್ಟರಿಂದ ಬೈಬಲ್ಲೆಲ್ಲವನ್ನೂ ಓದಿದಂತಾಯಿತೆಂದು ತಿಳಿಯಲಾಗದು. ವಾಚನಕ್ರಮದಲ್ಲಿ ಬಾರದ ಭಾಗಗಳು, ಮುಖ್ಯವಾಗಿ ಹಳೆಯ ಒಡಂಬಡಿಕೆಯಲ್ಲಿ, ಬಹಳವಿವೆ. ಅವನ್ನು ಮನೆಯಲ್ಲಿ ಓದಿಕೊಳ್ಳಬೇಕು. ಆದರೂ ನಾವೇ ಆರಿಸಿಕೊಂಡರೆ ನಮಗೆ ಹಿತವಾದುದನ್ನು ಮಾತ್ರ ಆರಿಸಿಕೊಳ್ಳುತ್ತೇವೆ. ಜಗಳವಾಡಿ ಬಂದ ದಿನ ಕ್ಷಮೆಯ ಮಾತನ್ನು ನಾವಾಗಿ ಹುಡುಕುವುದುಂಟೆ? ಪಂಚಾಂಗವು ನಮ್ಮ ಮನಸ್ಸನ್ನು ಕೇಳದೆ ಆ ಮಾತನ್ನು ಮುಂದಿಡುತ್ತದೆ. ನಾವು ಗ್ರಂಥವನ್ನು ಓದುವಂತೆಯೇ ಗ್ರಂಥವೂ ನಮ್ಮನ್ನು ಓದಲು ಬಿಡುವುದೇ ಈ ಪದ್ಧತಿಯ ಹಿರಿಮೆ. ಯಾವ ಮತದ, ಯಾವ ಶಾಸ್ತ್ರದ ವಿದ್ಯಾರ್ಥಿಗಾದರೂ ಈ ವಿನಯವು ಹೊರೆಯಲ್ಲ, ಭೂಷಣವೇ ಸರಿ.